ಮಕ್ಕಳ ಗ್ಲಾಕೋಮಾ: ಕತ್ತಿಯಿಂದ ಲೇಸರಿನವರೆಗೆ

ಕಣ್ಣೊಳಗೆ ಹಗಲಿರುಳೂ ನೀರು ಊರುತ್ತಿರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ಕರಿಗುಡ್ಡೆಯ ಹಿಂದೆ ಬಳೆಯಂತೆ ಸುತ್ತಿಕೊಂಡಿರುವ ಸಿಲಿಯರಿ ಅಂಗಾಂಶದಲ್ಲಿ ಇದು ಹುಟ್ಟುತ್ತದೆ, ಪಾಪೆಯ ಮೂಲಕ ಮುಂದೆ ಬರುತ್ತದೆ, ಕರಿಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಮೂಲೆಯಲ್ಲಿರುವ ಜಾಲರಿಯಲ್ಲಿ ಸೋಸಿಕೊಂಡು ರಕ್ತಕ್ಕೆ ಸೇರುತ್ತದೆ. ಕೆರೆಯ ಸೀಮೆಯವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ: ಒಂದು ಕಡೆ ಒಳಹರಿವು, ಇನ್ನೊಂದು ಕಡೆ ತೂಬು. ತೂಬು ಕಟ್ಟಿಕೊಂಡರೆ ನೀರು ಏರಿಯನ್ನು ಒತ್ತುತ್ತದೆ. ಕಣ್ಣಿನಲ್ಲಿ ಹೀಗಾದಾಗ ಆ ಒತ್ತಡವನ್ನು ಉಣ್ಣುವುದು ಹಿಂಬದಿಯ ದೃಷ್ಟಿನರ. ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ, ಸತ್ತದ್ದು ಮರಳುವುದಿಲ್ಲ. ಇದೇ ಗ್ಲಾಕೋಮಾ.

ಮುದುಕರಲ್ಲಿ ಈ ರೋಗ ಸದ್ದಿಲ್ಲದೆ ಬರುತ್ತದೆ. ಹಸುಗೂಸಿನಲ್ಲಿ ಮಾತ್ರ ಅದು ಕಣ್ಣಿನ ರೂಪವನ್ನೇ ಬದಲಿಸುತ್ತದೆ. ಸುಮಾರು ಮೂರು ವರ್ಷದವರೆಗೆ ಕಣ್ಣಿನ ಗೋಡೆ ಇನ್ನೂ ಎಳೆಯದು, ಒತ್ತಡಕ್ಕೆ ಹಿಗ್ಗುತ್ತದೆ. ಹುಟ್ಟಿದ ಮಗುವಿನ ಕರಿಗುಡ್ಡೆ ಅಡ್ಡಕ್ಕೆ ಹತ್ತು ಮಿಲಿಮೀಟರಿನ ಆಸುಪಾಸು ಇರುತ್ತದೆ. ವರ್ಷ ತುಂಬುವುದರೊಳಗೆ ಅದು 12 ಮಿಲಿಮೀಟರ್ ದಾಟಿದರೆ ವೈದ್ಯರು ಗ್ಲಾಕೋಮಾ ಎಂದು ಶಂಕಿಸಲೇಬೇಕು. ಹಿಗ್ಗುವ ಭರದಲ್ಲಿ ಕರಿಗುಡ್ಡೆಯ ಒಳಪದರ ಬಿರಿದು ಗೆರೆ ಬೀಳುತ್ತದೆ, ನೀರು ಒಸರಿ ಗುಡ್ಡೆ ಹಾಲುಗಾಜಿನಂತೆ ಮಂಜಾಗುತ್ತದೆ. ಮಗು ಬೆಳಕು ತಡೆಯಲಾರದೆ ಕಣ್ಣು ಕಿವುಚುತ್ತದೆ, ಬಿಸಿಲಿಗೆ ಕರೆತಂದರೆ ಮುಖವನ್ನು ತಾಯಿಯ ಹೆಗಲಿಗೆ ಒತ್ತಿಕೊಳ್ಳುತ್ತದೆ, ಕಣ್ಣಿನಿಂದ ನೀರು ಸುರಿಯುತ್ತಲೇ ಇರುತ್ತದೆ. ಹಿಗ್ಗಿದ ಈ ಕಣ್ಣಿಗೆ ಪಶ್ಚಿಮದ ವೈದ್ಯರು ಇಟ್ಟ ಹಳೆಯ ಗ್ರೀಕ್ ಹೆಸರು ಬೂಫ್ತಾಲ್ಮಸ್, ಅಂದರೆ ಎತ್ತಿನ ಕಣ್ಣು.

ಹಳ್ಳಿಗಳಲ್ಲಿ ರೋಗ ತಡವಾಗಿ ಪತ್ತೆಯಾಗಲು ಈ ಹಿಗ್ಗುವಿಕೆಯೇ ಒಂದು ಕಾರಣ. ದೊಡ್ಡ ಕಣ್ಣು ಚೆಲುವಿನ ಗುರುತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲೂ ಕೂಸಿಗೆ ಅಗಲವಾದ ಕಣ್ಣಿದ್ದರೆ ಯಾರ ಕಣ್ಣೂ ತಾಗದಿರಲೆಂದು ಕೆನ್ನೆಗೊಂದು ದೃಷ್ಟಿಬೊಟ್ಟು ಇಡುತ್ತಾರೆಯೇ ಹೊರತು ಆಸ್ಪತ್ರೆಗೆ ಒಯ್ಯುವುದಿಲ್ಲ. ನೀರು ಸೋರಿದರೆ 'ಕಣ್ಣು ಬಂದಿದೆ' ಎನ್ನುತ್ತಾರೆ. ಕಣ್ಣಿಗೆ ಎದೆಹಾಲಿನ ಹನಿ ಬಿಡುವುದು, ನಂದಿಬಟ್ಟಲು ಹೂವನ್ನು ನೆನೆಸಿ ರೆಪ್ಪೆಯ ಮೇಲಿಡುವುದು, ಹರಳೆಣ್ಣೆ ದೀಪದ ಕಾಡಿಗೆ ಹಚ್ಚುವುದು ಅಜ್ಜಿಯರ ಉಪಚಾರ. ಇವುಗಳ ಹಿಂದೆ ಇದ್ದದ್ದು ಅಕ್ಕರೆಯೇ. ಆದರೆ ಗ್ಲಾಕೋಮಾದಲ್ಲಿ ಕಳೆದ ಒಂದೊಂದು ವಾರವೂ ನರದ ಲೆಕ್ಕದಲ್ಲಿ ನಷ್ಟ.

ರೋಗಕ್ಕೆ ಮದ್ದಿಲ್ಲದ ಕಾಲದಲ್ಲಿ ಇಂಥ ಮಗು 'ಹುಟ್ಟುಗುರುಡು' ಎಂಬ ಒಂದೇ ಹೆಸರಿನಲ್ಲಿ ಸೇರಿಹೋಗುತ್ತಿತ್ತು. ಯಾವ ರೋಗದಿಂದ ಕಣ್ಣು ಹೋಯಿತೆಂದು ಕೇಳುವವರು ಇರಲಿಲ್ಲ. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಆರಂಭವಾಯಿತು. ಆಮೇಲೆ ಕನ್ನಡನಾಡಿನ ಅಂಧ ಮಕ್ಕಳಿಗೆ ದೊಡ್ಡ ಆಸರೆಯಾದದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಲ್ಲಿ ಅನ್ನ, ಅಕ್ಷರ, ಸಂಗೀತ ಮೂರನ್ನೂ ಕೊಟ್ಟರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಕಣ್ಣು ಉಳಿಸುವ ವಿದ್ಯೆ ಊರ ಬಾಗಿಲಿಗೆ ಬರುವ ಮೊದಲೇ, ಕಣ್ಣಿಲ್ಲದೆ ಬಾಳುವ ವಿದ್ಯೆ ಕನ್ನಡಿಗರ ನಡುವೆ ಇಷ್ಟು ಎತ್ತರಕ್ಕೆ ಬೆಳೆದಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಯೂರೋಪಿನಲ್ಲಿ. ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫ್ 1857ರಲ್ಲಿ ಪಾಪೆಯ ಪೊರೆಯ ಒಂದು ತುಣುಕನ್ನು ಕತ್ತರಿಸಿ ತೆಗೆಯುವ ವಿಧಾನವನ್ನು ಪ್ರಕಟಿಸಿದ. ದೊಡ್ಡವರ ಒಂದು ಬಗೆಯ ಗ್ಲಾಕೋಮಾಕ್ಕೆ ಅದು ಫಲ ಕೊಟ್ಟಿತು, ಹಸುಗೂಸುಗಳಲ್ಲಿ ಕೊಡಲಿಲ್ಲ. ದಕ್ಷಿಣ ಭಾರತಕ್ಕೆ ಈ ಚರಿತ್ರೆಯಲ್ಲಿ ಬಹುಬೇಗ ಒಂದು ಜಾಗ ಸಿಕ್ಕಿತು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1909ರಲ್ಲಿ ಕರಿಗುಡ್ಡೆಯ ಅಂಚಿನಲ್ಲಿ ದುಂಡನೆಯ ಸಣ್ಣ ತೂತು ಕೊರೆದು ಒಳನೀರನ್ನು ಹೊರಪೊರೆಯ ಅಡಿಗೆ ಹರಿಸುವ ವಿಧಾನವನ್ನು ಬಳಕೆಗೆ ತಂದ. ಟ್ರಿಫೈನಿಂಗ್ ಎಂಬ ಈ ಶಸ್ತ್ರಕ್ರಿಯೆ ಮದರಾಸಿನಿಂದ ಜಗತ್ತಿನ ಆಸ್ಪತ್ರೆಗಳಿಗೆಲ್ಲ ಹಬ್ಬಿತು. ಇದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲೂ ಕಣ್ಣಿಗೆ ಬೇರೆಯೇ ಆಸ್ಪತ್ರೆ ಬೇಕೆಂಬ ಅರಿವು ಮೂಡಿತ್ತು. ಬೆಂಗಳೂರಿನಲ್ಲಿ 1896ರಲ್ಲಿ ಚಿಕ್ಕದಾಗಿ ಶುರುವಾದ ಕಣ್ಣಿನ ಚಿಕಿತ್ಸಾಲಯ 1913ರಲ್ಲಿ ಈಗಿನ ಕಲ್ಲುಕಟ್ಟಡಕ್ಕೆ ಬಂದು, ವೈಸ್‌ರಾಯ್ ಆಗಿದ್ದ ಲಾರ್ಡ್ ಮಿಂಟೋ ಹೆಸರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಯಾಯಿತು.

ತೆಂಗಿನ ಸೀಮೆಗೆ ಮಿಂಟೋ ಹತ್ತಿರವಾದದ್ದು ರೈಲಿನಿಂದ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು. 1889ರ ಹೊತ್ತಿಗೆ ಹಳಿ ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಹರಿಹರ ಮುಟ್ಟಿತು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರ ಈ ಹಳಿಯ ಮೇಲಿನ ಊರು. ಹೊರನಾಡಿಗೆ ಅದು ಮುಂದೆ ಸಿಮೆಂಟ್ ಕಾರ್ಖಾನೆಯ ಹೆಸರಿನಿಂದ ಪರಿಚಯವಾಯಿತು. ಸುತ್ತಲ ಹಳ್ಳಿಗಳವರು ಮಾತ್ರ ಅದನ್ನು ಬೆಂಗಳೂರಿಗೆ ಹೋಗುವ ಬಾಗಿಲಾಗಿ ಬಳಸಿಕೊಂಡು ಬಂದರು. ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ಬೆಳಿಗ್ಗೆ ಹತ್ತಿದರೆ ಆಸ್ಪತ್ರೆ ಚೀಟಿ ಬರೆಸಿಕೊಳ್ಳುವ ಹೊತ್ತಿಗೆ ಮುಟ್ಟಬಹುದು. ಮುಂದೆ ಲೇಸರ್ ಬಂದ ಮೇಲೂ ಮಗುವಿನ ಕಣ್ಣು ಉಳಿಯುವುದೋ ಇಲ್ಲವೋ ಎಂಬುದು ಯಂತ್ರದಷ್ಟೇ ಈ ದಾರಿಯನ್ನೂ ಅವಲಂಬಿಸಿತು. ಮಗುವನ್ನು ಒಂದು ಸಲ ತೋರಿಸಿದರೆ ಸಾಲದು, ವರ್ಷಗಟ್ಟಲೆ ಮತ್ತೆ ಮತ್ತೆ ಕರೆತರಬೇಕು.

ಹಸುಗೂಸಿನ ಗ್ಲಾಕೋಮಾಕ್ಕೆ ನಿಜವಾದ ತಿರುವು ಕೊಟ್ಟವನು ಸ್ಯಾನ್ ಫ್ರಾನ್ಸಿಸ್ಕೋದ ಓಟೋ ಬಾರ್ಕನ್. ಇಟಲಿಯ ಕಾರ್ಲೋ ಡಿ ವಿನ್ಸೆಂಟಿಸ್ 1893ರಲ್ಲೇ ಕಣ್ಣಿನ ಮೂಲೆಯನ್ನು ಸೀಳಿ ನೋಡಿದ್ದ. ಆದರೆ ಕತ್ತಿ ಎಲ್ಲಿ ಹೋಗುತ್ತಿದೆಯೆಂದು ಅವನಿಗೆ ಕಾಣುತ್ತಿರಲಿಲ್ಲ. ಬಾರ್ಕನ್ 1930ರ ದಶಕದ ಕೊನೆಯಲ್ಲಿ ಕಣ್ಣಿನ ಮೇಲೆ ವಿಶೇಷ ಮಸೂರ ಇಟ್ಟು, ಮೂಲೆಯನ್ನು ಕಣ್ಣಾರೆ ನೋಡುತ್ತ, ಸೂಜಿಯಷ್ಟು ತೆಳುವಾದ ಅಲಗಿನಿಂದ ಜಾಲರಿಯನ್ನು ಗೀರಿದ. ಹುಟ್ಟಿನಿಂದಲೇ ಸರಿಯಾಗಿ ಬಿಚ್ಚಿಕೊಳ್ಳದ ತೂಬು ತೆರೆಯಿತು. ಗೋನಿಯಾಟಮಿ ಎಂಬ ಈ ಕ್ರಿಯೆ ಬರುವವರೆಗೆ ಇಂಥ ಮಕ್ಕಳಲ್ಲಿ ಬಹುಪಾಲು ಕುರುಡಾಗುತ್ತಿದ್ದರು; ಬಂದ ಮೇಲೆ, ಹೊತ್ತಿಗೆ ಸರಿಯಾಗಿ ತಲುಪಿದ ಬಹುಪಾಲು ಮಕ್ಕಳ ಕಣ್ಣು ಉಳಿಯತೊಡಗಿತು. ಒಂದು ಅಡಚಣೆಯಿತ್ತು. ಕರಿಗುಡ್ಡೆ ತಿಳಿಯಾಗಿದ್ದರೆ ಮಾತ್ರ ಮೂಲೆ ಕಾಣುತ್ತದೆ. 1960ರಲ್ಲಿ ಹರ್ಮನ್ ಬುರಿಯನ್, ರೆಡ್ಮಂಡ್ ಸ್ಮಿತ್ ಇಬ್ಬರೂ ಬೇರೆ ಬೇರೆಯಾಗಿ ಹೊರಗಿನಿಂದಲೇ ಜಾಲರಿಯನ್ನು ಬಿಡಿಸುವ ಟ್ರಬೆಕ್ಯುಲಾಟಮಿಯನ್ನು ರೂಪಿಸಿದ ಮೇಲೆ ಆ ಅಡಚಣೆಯೂ ಕಳೆಯಿತು.

ಭಾರತದ ಮಕ್ಕಳಿಗೆ ಇದು ಬಹಳ ಮುಖ್ಯವಾಯಿತು, ಏಕೆಂದರೆ ಇಲ್ಲಿ ಆಸ್ಪತ್ರೆಗೆ ಬರುವಾಗಲೇ ಅನೇಕ ಮಕ್ಕಳ ಕರಿಗುಡ್ಡೆ ಮಂಜಾಗಿರುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಅನಿಲ್ ಕುಮಾರ್ ಮಂಡಲ್ ಜಾಲರಿಯನ್ನು ಬಿಡಿಸುವ ಕೆಲಸ, ನೀರಿಗೆ ಹೊಸ ಕಿಂಡಿ ತೆಗೆಯುವ ಕೆಲಸ ಎರಡನ್ನೂ ಒಂದೇ ಸಲಕ್ಕೆ ಮಾಡುವ ಜೋಡಿ ಶಸ್ತ್ರಚಿಕಿತ್ಸೆಯನ್ನು ನೂರಾರು ಮಕ್ಕಳಲ್ಲಿ ನಡೆಸಿ ಫಲವನ್ನು ದಾಖಲಿಸಿದರು. 2003ರ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು. ಮತ್ತೆ ರೈಲು ಹತ್ತಿ ಬರಲಾಗದ ಬಡವರ ಮಗುವಿಗೆ ಒಂದೇ ಅರಿವಳಿಕೆಯಲ್ಲಿ ಎರಡು ದಾರಿ ತೆರೆಯುವ ಈ ವಿವೇಕ ದಕ್ಷಿಣ ಭಾರತದ ದೊಡ್ಡ ಕೊಡುಗೆ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕರ್ನಾಟಕದ ಹಳ್ಳಿಗಳಿಗೆ ಕಣ್ಣಿನ ವೈದ್ಯ ಎಂದರೆ ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದ ಅವರು ಶಾಲೆ, ಛತ್ರಗಳಲ್ಲೇ ಶಿಬಿರ ಹೂಡಿ, ಸಾಲಾಗಿ ಮಲಗಿಸಿದ ರೋಗಿಗಳಿಗೆ ಪೊರೆ ತೆಗೆಯುತ್ತಿದ್ದರು. 1968ರಲ್ಲಿ ಪದ್ಮಭೂಷಣ ಪಡೆದರು. ಆದರೆ ಶಿಬಿರದ ಪದ್ಧತಿಗೆ ಮಕ್ಕಳ ಗ್ಲಾಕೋಮಾ ಒಗ್ಗುವಂಥದ್ದಲ್ಲ. ಪೊರೆಯ ಮುದುಕನಿಗೆ ಕಣ್ಣಿನ ಸುತ್ತ ಇಂಜೆಕ್ಷನ್ ಸಾಕು. ಕೂಸಿಗೆ ಪೂರ್ತಿ ಅರಿವಳಿಕೆ ಬೇಕು, ಅದನ್ನು ಕೊಡಬಲ್ಲ ವೈದ್ಯರು ಬೇಕು, ಒತ್ತಡ ಅಳೆಯಲು ಕೂಡ ಮಗುವನ್ನು ಮಲಗಿಸಬೇಕು. ಪೊರೆ ತೆಗೆದರೆ ಮುಗಿಯಿತು. ಗ್ಲಾಕೋಮಾ ಮುಗಿಯುವುದೇ ಇಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯ ಸುತ್ತಲೇ ನಡೆಯಿತು. ಲಕ್ಷಗಟ್ಟಲೆ ಮುದುಕರ ಬೆಳಕು ಮರಳಿದ ಆ ವರ್ಷಗಳಲ್ಲಿ ಈ ಮಕ್ಕಳು ಹಿಂದೆಯೇ ಉಳಿದರು.

ತೂಬು ಬಿಡಿಸಿದರೂ ಒತ್ತಡ ಇಳಿಯದ ಕಣ್ಣುಗಳಿರುತ್ತವೆ. ಅಂಥ ಕಣ್ಣಿಗೆ ಇನ್ನೊಂದು ಬಗೆಯ ಯೋಚನೆ ಬೇಕಾಯಿತು: ಹೊರಹರಿವು ಸರಿಹೋಗದಿದ್ದರೆ ಒಳಹರಿವನ್ನೇ ತಗ್ಗಿಸುವುದು. ಈ ಯೋಚನೆ ಲೇಸರಿಗಿಂತ ಹಳೆಯದು. 1930ರ ದಶಕದಲ್ಲಿ ವೀವ್, ಫೋಗ್ಟ್ ಎಂಬ ವೈದ್ಯರು ವಿದ್ಯುತ್ತಿನ ಕಾವಿನಿಂದ ಸಿಲಿಯರಿ ಅಂಗಾಂಶವನ್ನು ಸುಟ್ಟು ನೋಡಿದರು. 1950ರಲ್ಲಿ ಇಟಲಿಯ ಬಿಯೆಟ್ಟಿ ಅದಕ್ಕೆ ತದ್ವಿರುದ್ಧವಾಗಿ ತಣ್ಣನೆಯ ಕಡ್ಡಿಯಿಂದ ಹೆಪ್ಪುಗಟ್ಟಿಸಿ ಕೊಲ್ಲುವ ಕ್ರಯೋ ವಿಧಾನ ತಂದ. ಎರಡರಲ್ಲೂ ನೋವು, ಊತ ಬಹಳ. ಎಷ್ಟು ಸುಟ್ಟಿತು, ಎಷ್ಟು ಉಳಿಯಿತು ಎಂಬ ಹಿಡಿತವಿಲ್ಲ. ಒಳಹರಿವು ಪೂರ್ತಿ ನಿಂತುಹೋದರೆ ಕಣ್ಣು ಬತ್ತಿ ಕುಗ್ಗುತ್ತದೆ. ತಿಪಟೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಕಾದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಒಣಗಿ ಉಂಡೆಕೊಬ್ಬರಿಯಾಗುತ್ತದೆ. ಕಾಯಿಗೆ ಅದೇ ಬೆಲೆ. ಕಣ್ಣಿಗೆ ನೀರು ಇಂಗಿದರೆ ಅದೇ ಸಾವು. ಆದ್ದರಿಂದಲೇ ಮುಂದೆ ಬಂದ ಲೇಸರುಗಳನ್ನೆಲ್ಲ ಅಳೆಯುವ ಪ್ರಶ್ನೆ ಒಂದೇ ಆಯಿತು: ಒತ್ತಡ ಇಳಿಯುವಷ್ಟು ಸುಟ್ಟು, ಕಣ್ಣು ಬತ್ತದಷ್ಟು ಉಳಿಸುವುದು ಯಾವುದರಿಂದ ಸಾಧ್ಯ?

ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ್ದು 1960ರಲ್ಲಿ, ಮಾಣಿಕ್ಯದ ಹರಳಿನಿಂದ. ಹನ್ನೆರಡು ವರ್ಷ ಕಳೆಯುವುದರೊಳಗೆ ಅಮೆರಿಕದ ಹ್ಯೂ ಬೆಕ್ಮನ್ ಮತ್ತು ಜೊತೆಯವರು ಅದೇ ಮಾಣಿಕ್ಯ ಲೇಸರನ್ನು ಬಿಳಿಗುಡ್ಡೆಯ ಮೂಲಕ ಹಾಯಿಸಿ ಸಿಲಿಯರಿ ಅಂಗಾಂಶವನ್ನು ಸುಟ್ಟರು. 1980ರ ದಶಕದಲ್ಲಿ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಆ ಜಾಗಕ್ಕೆ ಬಂತು. ಅದು ಬಿಳಿಗುಡ್ಡೆಯನ್ನು ಚೆನ್ನಾಗಿ ದಾಟುತ್ತದೆ, ಆದರೆ ಯಂತ್ರ ದೊಡ್ಡದು. 1990ರ ದಶಕದ ಮೊದಲಲ್ಲಿ 810 ನ್ಯಾನೊಮೀಟರಿನ ಡಯೋಡ್ ಲೇಸರ್ ಬಂದ ಮೇಲೆ ಯಾಗ್ ಹಿಂದೆ ಸರಿಯಿತು. ಡಯೋಡಿನ ಬೆಳಕನ್ನು ಕಪ್ಪು ಬಣ್ಣದ ಮೆಲನಿನ್ ಹೆಚ್ಚು ಹೀರಿಕೊಳ್ಳುತ್ತದೆ. ಆದ್ದರಿಂದ ಕಡಿಮೆ ಶಕ್ತಿಯಲ್ಲೇ ಕೆಲಸ ಆಗುತ್ತದೆ. ಯಂತ್ರ ಒಂದು ಸೂಟ್‌ಕೇಸಿನಷ್ಟು, ಶಸ್ತ್ರಚಿಕಿತ್ಸೆಯ ಕೋಣೆಗೆ ಎತ್ತಿಕೊಂಡು ಹೋಗಬಹುದು. ಮಲಗಿಸಿಯೇ ಚಿಕಿತ್ಸೆ ಮಾಡಬೇಕಾದ ಮಕ್ಕಳ ವಿಷಯದಲ್ಲಿ ಇದೊಂದೇ ಗುಣ ಬಹಳ ಬೆಲೆಯುಳ್ಳದ್ದು.

ಈ ಚಿಕಿತ್ಸೆ ನಡೆಯುವ ಬಗೆ ಹೀಗೆ. ಮಗುವಿಗೆ ಅರಿವಳಿಕೆ ಕೊಟ್ಟ ಮೇಲೆ ಮೊದಲು ಕೋಣೆಯ ದೀಪ ಆರಿಸುತ್ತಾರೆ. ಕಣ್ಣಿನ ಒಂದು ಬದಿಗೆ ಸಣ್ಣ ಬೆಳಕಿನ ಕಡ್ಡಿ ಒತ್ತಿದರೆ ಇಡೀ ಗುಡ್ಡೆ ಒಳಗಿನಿಂದ ಕೆಂಪಗೆ ಹೊಳೆಯುತ್ತದೆ. ಆ ಹೊಳಪಿನ ನಡುವೆ ಸಿಲಿಯರಿ ಅಂಗಾಂಶ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ದೊಡ್ಡವರ ಕಣ್ಣಿನಲ್ಲಿ ಆ ಪಟ್ಟಿ ಎಲ್ಲಿರುತ್ತದೆಂದು ಅಳತೆಯಿಂದಲೇ ಹೇಳಬಹುದು. ಹಿಗ್ಗಿದ ಮಗುವಿನ ಕಣ್ಣಿನಲ್ಲಿ ಅಂಚು ಎಳೆದುಕೊಂಡು ಪಟ್ಟಿ ಸರಿದಿರುತ್ತದೆ, ನೋಡದೆ ಸುಟ್ಟರೆ ಗುರಿ ತಪ್ಪುತ್ತದೆ. ಜಾಗ ಗೊತ್ತಾದ ಮೇಲೆ ಲೇಸರಿನ ಕಡ್ಡಿಯನ್ನು ಬಿಳಿಗುಡ್ಡೆಗೆ ಒತ್ತಿ ಒಂದೊಂದು ಚುಕ್ಕೆಗೆ ಸುಮಾರು ಎರಡು ಸೆಕೆಂಡು ಬೆಳಕು ಬಿಡುತ್ತಾರೆ. ಶಕ್ತಿ ಹೆಚ್ಚಾದರೆ ಒಳಗಿನಿಂದ ಹುರಿಗಡಲೆ ಸಿಡಿದಂತೆ 'ಪಟ್' ಎಂಬ ಸದ್ದು ಕೇಳುತ್ತದೆ: ಅಂಗಾಂಶ ಕುದಿದು ಸಿಡಿಯಿತೆಂಬ ಸೂಚನೆ. ಸದ್ದು ಕೇಳಿದರೆ ಶಕ್ತಿ ಇಳಿಸಬೇಕು. ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಮುಖ್ಯ ನರಗಳು ಹಾದುಹೋಗುವುದರಿಂದ ಅಲ್ಲಿ ಸುಡುವುದಿಲ್ಲ. ಇಡೀ ಸುತ್ತನ್ನು ಒಂದೇ ಸಲಕ್ಕೆ ಮುಗಿಸದೆ ಕಾಲುಭಾಗವನ್ನಾದರೂ ಉಳಿಸಿಕೊಳ್ಳುವುದು ವಾಡಿಕೆ. ನಮ್ಮ ಸೀಮೆಯ ಮಕ್ಕಳ ಕಪ್ಪುಗಂದು ಕಣ್ಣು ಬೆಳಕನ್ನು ಹೆಚ್ಚು ಹೀರುವುದರಿಂದ ಶಕ್ತಿ ಕಡಿಮೆ ಮಾಡಿ ಹೊತ್ತು ಹೆಚ್ಚಿಸುವ ನಿಧಾನದ ವಿಧಾನವೂ ಬಳಕೆಯಲ್ಲಿದೆ: 1250 ಮಿಲಿವಾಟ್, ನಾಲ್ಕು ಸೆಕೆಂಡು. ಆಗ ಸಿಡಿಯುವ ಭಯ ಕಡಿಮೆ.

ಡಯೋಡಿನ ಕೊರತೆ ಏನೆಂದರೆ ಫಲ ಬಹಳ ದಿನ ನಿಲ್ಲುವುದಿಲ್ಲ. ಮಕ್ಕಳ ಅಂಗಾಂಶಕ್ಕೆ ಚೇತರಿಸಿಕೊಳ್ಳುವ ಶಕ್ತಿ ಹೆಚ್ಚು. ಬೇರೆಡೆ ವರವಾಗುವ ಈ ಗುಣ ಇಲ್ಲಿ ಅಡ್ಡಿ. ಸುಟ್ಟದ್ದು ಮತ್ತೆ ಚಿಗುರಿ ನೀರು ಊರತೊಡಗುತ್ತದೆ, ಒತ್ತಡ ಮತ್ತೆ ಏರುತ್ತದೆ. ಹಾಗಾಗಿ ಮಕ್ಕಳಲ್ಲಿ ಎರಡನೆಯ, ಮೂರನೆಯ ಸಲ ಲೇಸರ್ ಮಾಡಬೇಕಾಗುವುದು ಸಾಮಾನ್ಯ, ಒಂದೊಂದು ಸಲಕ್ಕೂ ಮತ್ತೊಂದು ಅರಿವಳಿಕೆ. ಊತ, ಒತ್ತಡ ವಿಪರೀತ ಇಳಿಯುವುದು, ಅಕ್ಷಿಪಟಲ ಕಳಚುವುದು, ಅಪರೂಪಕ್ಕೆ ಕಣ್ಣು ಬತ್ತುವುದು ಇದರ ಅಪಾಯಗಳು.

1992ರಲ್ಲಿ ಮಾರ್ಟಿನ್ ಯೂರಮ್ ಹೊಸದೊಂದು ದಾರಿ ತೋರಿಸಿದ. ಸಣ್ಣ ಕ್ಯಾಮೆರಾ, ದೀಪ, 810 ನ್ಯಾನೊಮೀಟರಿನ ಲೇಸರ್ ಮೂರೂ ಒಂದೇ ಕಡ್ಡಿಯಲ್ಲಿ. ಅದನ್ನು ಕಣ್ಣೊಳಗೆ ತೂರಿಸಿ, ಸಿಲಿಯರಿ ಅಂಗಾಂಶದ ಏಣುಗಳನ್ನು ಪರದೆಯ ಮೇಲೆ ನೋಡುತ್ತ, ಒಂದೊಂದೇ ಏಣು ಬೆಳ್ಳಗಾಗಿ ಮುದುಡುವವರೆಗೆ ಬೆಳಕು ಕೊಡುವುದು. ಇದು ಎಂಡೋಸ್ಕೋಪಿಕ್ ಲೇಸರ್. ಹೊರಗಿನಿಂದ ಅಂದಾಜಿನ ಮೇಲೆ ಸುಡುವುದಕ್ಕೂ ಇದಕ್ಕೂ ಅಜಗಜಾಂತರ; ಆದರೆ ಕಣ್ಣನ್ನು ತೆರೆಯಲೇಬೇಕು. ಸಹಜ ಮಸೂರ ಇನ್ನೂ ಇರುವ ಕಣ್ಣಿನಲ್ಲಿ ಅದಕ್ಕೆ ಪೆಟ್ಟಾಗುವ ಭಯವಿದೆ. ಹುಟ್ಟುಪೊರೆಗೆ ಶಸ್ತ್ರಚಿಕಿತ್ಸೆಯಾಗಿ ಮಸೂರವಿಲ್ಲದ ಮಕ್ಕಳಲ್ಲಿ ಬರುವ ಗ್ಲಾಕೋಮಾಕ್ಕೆ ಇದು ಹೆಚ್ಚು ಒಪ್ಪುತ್ತದೆ, ಆದರೆ ಅಕ್ಷಿಪಟಲ ಕಳಚುವ ಅಪಾಯವನ್ನು ಕಾಯುತ್ತಿರಬೇಕಾದದ್ದೂ ಇಂಥ ಕಣ್ಣಿನಲ್ಲೇ. ಅಮೆರಿಕದ ನೀಲಿ ಮತ್ತು ಪ್ಲೇಗರ್ 2001ರಲ್ಲಿ ಪ್ರಕಟಿಸಿದ 36 ಕಣ್ಣುಗಳ ವರದಿಯಲ್ಲಿ, ಅಗತ್ಯವಿದ್ದಲ್ಲಿ ಮತ್ತೊಮ್ಮೆ ಮಾಡಿದ ಮೇಲೂ, ಒತ್ತಡ ಹತೋಟಿಗೆ ಬಂದದ್ದು ನೂರಕ್ಕೆ 43ರಷ್ಟರಲ್ಲಿ. ಕಣ್ಣಾರೆ ನೋಡಿ ಸುಟ್ಟರೆ ಫಲ ದುಪ್ಪಟ್ಟಾಗಬೇಕಿತ್ತು ಎಂಬ ನಿರೀಕ್ಷೆ ಮಕ್ಕಳಲ್ಲಿ ಕೈಗೂಡಲಿಲ್ಲ.

ಮುಂದಿನ ಹೆಜ್ಜೆ ಮೈಕ್ರೋಪಲ್ಸ್. 2010ರ ಸುಮಾರಿಗೆ ಸಿಂಗಪುರದ ವೈದ್ಯರು ಇದರ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. ಅದೇ ಡಯೋಡ್, ಅದೇ 810 ನ್ಯಾನೊಮೀಟರ್. ಬೆಳಕು ಮಾತ್ರ ಒಂದೇ ಸಮನೆ ಸುರಿಯುವುದಿಲ್ಲ. ಅರ್ಧ ಮಿಲಿಸೆಕೆಂಡ್ ಉರಿದು, 1.1 ಮಿಲಿಸೆಕೆಂಡ್ ಆರಿ, ಮತ್ತೆ ಉರಿಯುತ್ತದೆ. ಆರಿದ ಗಳಿಗೆಯಲ್ಲಿ ಅಕ್ಕಪಕ್ಕದ ಅಂಗಾಂಶ ತಣಿಯುತ್ತದೆ, ಹಾಗಾಗಿ ಸಿಡಿತವಿಲ್ಲ. ಕಡ್ಡಿಯನ್ನು ಚುಕ್ಕೆ ಇಟ್ಟಂತೆ ಒತ್ತದೆ, ಬಣ್ಣ ಬಳಿದಂತೆ ಅಂಚಿನುದ್ದಕ್ಕೂ ಎಳೆಯುತ್ತಾರೆ. ದೊಡ್ಡವರಲ್ಲಿ ಇದು ಬೇಗ ಮೆಚ್ಚುಗೆ ಗಳಿಸಿತು. ಮಕ್ಕಳಲ್ಲಿ ಸಿಕ್ಕಿರುವ ಲೆಕ್ಕಗಳು ಒಂದನ್ನೊಂದು ಹೋಲುವುದಿಲ್ಲ. ಅಮೆರಿಕದಿಂದ 2017ರಲ್ಲಿ ಬಂದ ಸಣ್ಣ ವರದಿಯೊಂದರಲ್ಲಿ ವರ್ಷದ ಕೊನೆಗೆ ದೊಡ್ಡವರಲ್ಲಿ ನೂರಕ್ಕೆ 72ರಷ್ಟು ಗೆಲುವು ಕಂಡರೆ ಮಕ್ಕಳಲ್ಲಿ ಕಂಡದ್ದು 22 ಮಾತ್ರ. ಆ ಮಕ್ಕಳ ಕಣ್ಣುಗಳಾದರೋ ಒಂಬತ್ತೇ. ಮರುವರ್ಷ ಈಜಿಪ್ಟಿನ ವೈದ್ಯರು ಬೇರೆ ಚಿಕಿತ್ಸೆಗೆ ಮಣಿಯದ ಮಕ್ಕಳ ಗ್ಲಾಕೋಮಾದಲ್ಲಿ ಹಳೆಯ, ಹೊಸ ಲೇಸರ್ ಎರಡನ್ನೂ ಹೋಲಿಸಿದರು. 15 ತಿಂಗಳ ಕೊನೆಗೆ ಮೈಕ್ರೋಪಲ್ಸ್ ಗುಂಪಿನಲ್ಲಿ ನೂರಕ್ಕೆ 71, ಹಳೆಯ ಎಡೆಬಿಡದ ಲೇಸರಿನ ಗುಂಪಿನಲ್ಲಿ 46. ನೋಡಲು ಅಂತರ ದೊಡ್ಡದೇ, ಆದರೆ ಎರಡೂ ಗುಂಪು ಸೇರಿ ಐವತ್ತು ಕಣ್ಣುಗಳೂ ಇಲ್ಲದ ಕಾರಣ ಸಂಖ್ಯಾಶಾಸ್ತ್ರ ಅದನ್ನು ಖಚಿತವೆಂದು ಒಪ್ಪುವುದಿಲ್ಲ. ಒಪ್ಪಬಹುದಾದ ಮಾತು ಇಷ್ಟು: ಮೈಕ್ರೋಪಲ್ಸಿನಲ್ಲಿ ನೋವು, ಊತ, ಕಣ್ಣು ಬತ್ತುವ ಅಪಾಯ ಕಡಿಮೆ, ಒತ್ತಡ ಇಳಿಸುವ ಬಲದಲ್ಲಿ ಅದು ಹಳೆಯದನ್ನು ಮೀರಿಸಿತೆಂದು ಹೇಳುವಷ್ಟು ಸಾಕ್ಷ್ಯವಿಲ್ಲ. ಇನ್ನೂ ಸ್ವಲ್ಪ ದೃಷ್ಟಿ ಇರುವ ಮಗುವಿನ ಕಣ್ಣಿಗೆ ಮೃದುವಾದದ್ದನ್ನು ಮೊದಲು ಆರಿಸಿಕೊಳ್ಳುವುದು, ನೋವು ಮಾತ್ರ ಉಳಿದು ದೃಷ್ಟಿ ಹೋದ ಕಣ್ಣಿಗೆ ಹಳೆಯ ಡಯೋಡನ್ನು ಇಟ್ಟುಕೊಳ್ಳುವುದು ನ್ಯಾಯವಾದ ದಾರಿ.

ಲೇಸರಿನ ಇನ್ನೊಂದು ವಂಶ ತೂಬಿನ ಕಡೆಯದು. ವೈಸ್ ಮತ್ತು ವಿಟ್ಟರ್ 1979ರಲ್ಲಿ ಆರ್ಗಾನ್ ಲೇಸರಿನಿಂದ ಜಾಲರಿಗೆ ಚುಕ್ಕೆ ಇಟ್ಟು ಹೊರಹರಿವು ಹೆಚ್ಚಿಸಿ ತೋರಿಸಿದರು. 1990ರ ದಶಕದಲ್ಲಿ ಮಾರ್ಕ್ ಲಟೀನಾ 532 ನ್ಯಾನೊಮೀಟರಿನ, ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಿರಿದಾದ ಮಿಡಿತಗಳಿಂದ ಬಣ್ಣದ ಕೋಶಗಳನ್ನು ಮಾತ್ರ ತಟ್ಟುವ ಎಸ್‌ಎಲ್‌ಟಿ ವಿಧಾನ ರೂಪಿಸಿದ. ದೊಡ್ಡವರಲ್ಲಿ ಡ್ರಾಪ್ಸಿಗೆ ಮೊದಲೇ ಎಸ್‌ಎಲ್‌ಟಿ ಮಾಡಬಹುದೆಂದು 2019ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಇದನ್ನು ಓದಿ ತಂದೆತಾಯಂದಿರು ತಮ್ಮ ಮಗುವಿಗೂ ಕತ್ತಿಯಿಲ್ಲದ ಚಿಕಿತ್ಸೆ ಇರಬಹುದೆಂದು ಆಸೆಪಡುವುದು ಸಹಜ. ಆದರೆ ಹುಟ್ಟು ಗ್ಲಾಕೋಮಾದಲ್ಲಿ ಜಾಲರಿ ಸರಿಯಾಗಿ ಬೆಳೆದೇ ಇರುವುದಿಲ್ಲ. ತಟ್ಟಿ ಎಬ್ಬಿಸಲು ಅಲ್ಲಿ ಕೆಲಸ ಮಾಡಬಲ್ಲ ಜಾಲರಿಯೇ ಇಲ್ಲ. ಕೂಸು ಯಂತ್ರದ ಮುಂದೆ ಗಲ್ಲ ಊರಿ ಕೂರುವುದೂ ಇಲ್ಲ. ಆದ್ದರಿಂದ ಹುಟ್ಟು ಗ್ಲಾಕೋಮಾಕ್ಕೆ ಇಂದಿಗೂ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಅದು ಫಲಿಸದಿದ್ದರೆ ಹೊಸ ಕಾಲುವೆಯಂತೆ ನಳಿಗೆ ಕೂರಿಸುತ್ತಾರೆ. ಮದುರೈನ ಅರೋಲ್ಯಾಬ್ ತಯಾರಿಸುವ ನಳಿಗೆ ಬಂದ ಮೇಲೆ ಆ ಖರ್ಚು ಬಹಳ ಇಳಿದಿದೆ. ಸಿಲಿಯರಿ ಲೇಸರಿನ ಸರದಿ ಸಾಮಾನ್ಯವಾಗಿ ಅದರ ನಂತರ.

ಎಸ್‌ಎಲ್‌ಟಿಯ ಮಾತು ಬರುವುದು ಸ್ವಲ್ಪ ದೊಡ್ಡ ಮಕ್ಕಳ ಒಂದು ಗ್ಲಾಕೋಮಾದಲ್ಲಿ, ಮನುಷ್ಯರೇ ತಂದುಕೊಂಡದ್ದರಲ್ಲಿ. ಬೇಸಿಗೆಯ ಕಾವು, ದೂಳಿಗೆ ಅಲರ್ಜಿಯಾಗಿ ಕಣ್ಣು ಕೆಂಪಾಗಿ ವಿಪರೀತ ತುರಿಸುವ ಕಾಯಿಲೆ ಶಾಲೆಯ ಹುಡುಗರಲ್ಲಿ ಬಹಳ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೆರಾಯ್ಡ್ ಡ್ರಾಪ್ಸ್ ಹಾಕಿದರೆ ತುರಿಕೆ ಮಂತ್ರ ಹಾಕಿದಂತೆ ನಿಲ್ಲುತ್ತದೆ. ಬೇಸಿಗೆ ಬಂದಾಗಲೆಲ್ಲ ಅದೇ ಬಾಟಲಿ. ಎರಡು ಮೂರು ವರ್ಷದಲ್ಲಿ ಜಾಲರಿ ಬಿಗಿದುಕೊಂಡು ಒತ್ತಡ ಏರುತ್ತದೆ, ನೋವಿಲ್ಲದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಡ್ರಾಪ್ಸ್ ನಿಲ್ಲಿಸಿದರೆ ಹಲವು ಮಕ್ಕಳಲ್ಲಿ ಒತ್ತಡ ತಾನಾಗಿ ಇಳಿಯುತ್ತದೆ. ಇಳಿಯದವರಲ್ಲಿ, ಕೂತು ಸಹಕರಿಸುವ ವಯಸ್ಸಿನವರಾದರೆ, ಎಸ್‌ಎಲ್‌ಟಿ ಪ್ರಯತ್ನಿಸುವುದುಂಟು. ಇನ್ನುಳಿದವರಿಗೆ ಶಸ್ತ್ರಚಿಕಿತ್ಸೆ. ಚಿನ್ನಿದಾಂಡಿನ ಪೆಟ್ಟು, ಪಟಾಕಿಯ ಸಿಡಿತದಿಂದ ಮೂಲೆ ಹರಿದು ಬರುವ ಗ್ಲಾಕೋಮಾ ಇನ್ನೊಂದು. ಅದರಲ್ಲಿ ಜಾಲರಿಗೆ ಲೇಸರ್ ಕೊಟ್ಟು ಫಲವಿಲ್ಲ.

ಕರ್ನಾಟಕದಲ್ಲಿ ಹಸುಗೂಸುಗಳ ಕಣ್ಣಿಗೆ ಲೇಸರನ್ನು ಹಳ್ಳಿಯ ಹತ್ತಿರಕ್ಕೆ ಒಯ್ದ ಪ್ರಯತ್ನವೊಂದು ಇದೇ ಕಾಲದಲ್ಲಿ ನಡೆಯಿತು, ಬೇರೊಂದು ರೋಗಕ್ಕೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಕಿಡ್‌ರಾಪ್ ಯೋಜನೆ ಆರಂಭಿಸಿದರು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಅಕ್ಷಿಪಟಲ ಕೆಡುವ ಆರ್‌ಒಪಿ ರೋಗಕ್ಕಾಗಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ಕಣ್ಣಿನ ಚಿತ್ರ ತೆಗೆದು ಬೆಂಗಳೂರಿಗೆ ಕಳುಹಿಸುತ್ತಿದ್ದರು. ಗ್ಲಾಕೋಮಾಕ್ಕೆ ಇಂಥ ಏರ್ಪಾಡು ಹುಟ್ಟಲಿಲ್ಲ. ಆರ್‌ಒಪಿಯ ಮಗು ಹುಟ್ಟಿದಾಗಲೇ ಆಸ್ಪತ್ರೆಯಲ್ಲಿರುತ್ತದೆ. ಗ್ಲಾಕೋಮಾದ ಮಗು ದಿನತುಂಬಿ ಹುಟ್ಟಿ, ಆರೋಗ್ಯವಾಗಿ ಮನೆಗೆ ಹೋಗಿ, ತಿಂಗಳುಗಳ ನಂತರ ರೋಗ ತೋರಿಸುತ್ತದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಲ್ಲಿ ಹುಡುಕಬೇಕೆಂದು ಪಟ್ಟಿ ಮಾಡಿದ 30 ತೊಂದರೆಗಳಲ್ಲಿ ಹುಟ್ಟುಪೊರೆ ಇದೆ, ಆರ್‌ಒಪಿ ಇದೆ, ಗ್ಲಾಕೋಮಾದ ಹೆಸರಿಲ್ಲ. ಅಂಗನವಾಡಿ ಕಾರ್ಯಕರ್ತೆಯ ಕೈಗೆ ಒಂದು ಅಳತೆಪಟ್ಟಿ, 'ದೊಡ್ಡ ಕಣ್ಣು, ನೀರು ಸೋರುವ ಕಣ್ಣು, ಬೆಳಕು ತಡೆಯದ ಕಣ್ಣು' ಎಂಬ ಮೂರು ಮಾತು ಕೊಟ್ಟಿದ್ದರೂ ಎಷ್ಟೋ ಮಕ್ಕಳು ಹೊತ್ತು ಮೀರುವ ಮುಂಚೆ ಬೆಂಗಳೂರು ಮುಟ್ಟುತ್ತಿದ್ದರು. ಗರ್ಭಿಣಿಗೆ ತಗಲುವ ರುಬೆಲ್ಲಾದಿಂದ ಮಗುವಿಗೆ ಬರುವ ಪೊರೆ ಮತ್ತು ಗ್ಲಾಕೋಮಾದ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯ ಕೆಲಸ ನಡೆದಿದೆ: ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ದಕ್ಷಿಣ ಭಾರತದಲ್ಲಿ ಈ ರೋಗ ಹೆಚ್ಚಾಗಿ ಕಾಣುವುದಕ್ಕೆ ಮದುವೆಯ ಪದ್ಧತಿಯೂ ಕಾರಣ. ಪಶ್ಚಿಮದ ದೇಶಗಳಲ್ಲಿ ಹತ್ತು ಸಾವಿರ ಹೆರಿಗೆಗೆ ಒಂದರಂತೆ ಕಾಣುವ ಹುಟ್ಟು ಗ್ಲಾಕೋಮಾ ಆಂಧ್ರಪ್ರದೇಶದಲ್ಲಿ ಸುಮಾರು 3,300ಕ್ಕೆ ಒಂದು ಎಂಬ ಅಂದಾಜಿದೆ. 1997ರಲ್ಲಿ ಸಿವೈಪಿ1ಬಿ1 ಎಂಬ ವಂಶವಾಹಿಯ ದೋಷ ಇದಕ್ಕೆ ಮುಖ್ಯ ಕಾರಣವೆಂದು ಗೊತ್ತಾಯಿತು. ತಂದೆ, ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಮಗುವಿಗೆ ರೋಗ. ಸೋದರಮಾವನಿಗೆ ಹೆಣ್ಣು ಕೊಡುವುದು, ಅತ್ತೆಯ ಮಗಳನ್ನು ತರುವುದು ಆಸ್ತಿಗೂ ಬಾಂಧವ್ಯಕ್ಕೂ ಒಳ್ಳೆಯದೆಂದು ತೆಂಗಿನ ಸೀಮೆಯಲ್ಲೂ ತಲೆಮಾರುಗಳಿಂದ ನಡೆದುಬಂದಿದೆ. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳನ್ನು ಗಮನಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಸಂಬಂಧದೊಳಗಿನದು. ಒಂದೇ ಮನೆತನದ ಇಬ್ಬರಲ್ಲೂ ಅದೇ ದೋಷ ಅಡಗಿರುವ ಸಾಧ್ಯತೆ ಹೆಚ್ಚು. ಹಾಗೆ ಇಬ್ಬರಲ್ಲೂ ದೋಷವಿರುವ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮನೆಯಲ್ಲಿ ಒಂದು ಮಗುವಿಗೆ ಗ್ಲಾಕೋಮಾ ಇದ್ದರೆ ಆಮೇಲೆ ಹುಟ್ಟುವ ಮಗುವನ್ನು ಹುಟ್ಟಿದ ದಿನಗಳಲ್ಲೇ ತೋರಿಸಬೇಕು. ಮೊದಲ ಮಗುವಿಗೆ ಸಿಗದ ಸಮಯ ಎರಡನೆಯದಕ್ಕೆ ಸಿಗುವುದು ಇದರಿಂದ ಮಾತ್ರ.

ಲೇಸರ್ ಮುಗಿದ ಮೇಲೆ ಕೆಲವು ವಾರ ಊತ ಇಳಿಸುವ ಡ್ರಾಪ್ಸ್ ಇರುತ್ತದೆ. ಒತ್ತಡದ ಡ್ರಾಪ್ಸನ್ನು ತಕ್ಷಣ ನಿಲ್ಲಿಸುವುದಿಲ್ಲ. ದೊಡ್ಡವರು ಹಾಕಿಕೊಳ್ಳುವ ಬ್ರಿಮೊನಿಡಿನ್ ಡ್ರಾಪ್ಸ್ ಹಸುಗೂಸಿಗೆ ವಿಷದಷ್ಟೇ ಅಪಾಯ, ಮಗು ಮಂಪರಿಗೆ ಜಾರಿ ಉಸಿರೇ ಕುಂದಬಹುದು; ಆದ್ದರಿಂದ ಮನೆಯಲ್ಲಿ ಅಜ್ಜನ ಬಾಟಲಿಯೂ ಮಗುವಿನ ಬಾಟಲಿಯೂ ಬೇರೆ ಬೇರೆ ಕಡೆ ಇರಬೇಕು. ಕೆಲವು ತಿಂಗಳಿಗೊಮ್ಮೆ ಮತ್ತೆ ಮಲಗಿಸಿ ಒತ್ತಡ, ಕರಿಗುಡ್ಡೆಯ ಅಗಲ, ಕಣ್ಣಿನ ಉದ್ದ, ನರದ ಸ್ಥಿತಿ ನೋಡುತ್ತಾರೆ. ಹಿಗ್ಗಿದ ಕಣ್ಣಿಗೆ ದೂರದ್ದು ಮಸುಕು. ಎರಡು ವರ್ಷದ ಮಗುವಿಗೂ ದಪ್ಪ ಕನ್ನಡಕ ಬರುತ್ತದೆ. ಒಂದು ಕಣ್ಣು ಮಾತ್ರ ಹೆಚ್ಚು ಕೆಟ್ಟಿದ್ದರೆ ಮಿದುಳು ಅದನ್ನು ಬಿಟ್ಟುಬಿಡುತ್ತದೆ. ಆಗ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ, ಕೆಟ್ಟ ಕಣ್ಣಿನಿಂದಲೇ ನೋಡುವಂತೆ ಮಾಡಬೇಕು. ಮಗು ಅಳುತ್ತದೆ, ಪಟ್ಟಿ ಕಿತ್ತೆಸೆಯುತ್ತದೆ. ತಾಯಿ ಮತ್ತೆ ಅಂಟಿಸಬೇಕು.